ಸೈಡ್ ಬ್ಯಾಗಿನ ಪ್ರತಾಪ

ಮನುಷ್ಯನನ್ನು ಅವನ ಕೈಚೀಲ ನೋಡಿ ಅಳೆಯಬಾರದು ಎಂದು ನಾನು ಬಹಳ ಕಾಲ ನಂಬಿದ್ದೆ. ಈ ನಂಬಿಕೆ ಯಾವ ಪುಸ್ತಕ ಓದಿಯೂ ಬಂದದ್ದಲ್ಲ, ನನ್ನ ಹತ್ತಿರ ನೆಟ್ಟಗಿನ ಒಂದು ಕೈಚೀಲ ಇಲ್ಲದ್ದರಿಂದ ಬಂದದ್ದು. ದಿನಾ ಬೆಳಿಗ್ಗೆ ಹುಣಸೂರಿನಲ್ಲಿ ಬಸ್ಸು ಹತ್ತಿ, ಕೆ.ಆರ್. ನಗರದ ಕಡೆಯ ಒಂದು ಕಾಲೇಜಿನಲ್ಲಿ ಗುಮಾಸ್ತಗಿರಿ ಮಾಡಿ, ಸಂಜೆ ಅದೇ ದಾರಿಯಲ್ಲಿ ಮನೆಗೆ ಬರುವವನು ನಾನು. ಇಪ್ಪತ್ತೆರಡು ವರ್ಷವಾಯಿತು. ಅಷ್ಟು ವರ್ಷವೂ ನನ್ನ ಊಟದ ಡಬ್ಬಿ, ಕೊಡೆ, ನೀರಿನ ಬಾಟಲಿ ಎಲ್ಲ ಓಡಾಡಿದ್ದು ತಾಂಬೂಲದ ಚೀಲಗಳಲ್ಲಿ. ಮದುವೆಮನೆಯಿಂದ ಹೊರಡುವಾಗ ತೆಂಗಿನಕಾಯಿ ಹಾಕಿ ಕೊಡುತ್ತಾರಲ್ಲ, ಗಂಡು ಹೆಣ್ಣಿನ ಹೆಸರು ಅಚ್ಚು ಹಾಕಿಸಿದ ಬಟ್ಟೆ ಚೀಲ, ಅದು. ನಮ್ಮದು ನೆಂಟರಿಷ್ಟರು ಹೆಚ್ಚಿರುವ ಮನೆ. ಒಂದು ಚೀಲ ಹರಿಯುವುದರೊಳಗೆ ಯಾರದ್ದಾದರೂ ಮದುವೆ ಆಗಿಯೇ ಆಗುತ್ತಿತ್ತು. ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಒಬ್ಬರು ಚೀಲದ ಮೇಲಿನ ಹೆಸರು ಓದಿ ಒಂದು ವರ್ಷ ನನ್ನನ್ನು ಯೋಗೇಶ್ ಎಂದೇ ಕರೆದರು. ಅಷ್ಟು ಪ್ರೀತಿಯಿಂದ ಕರೆಯುವವರನ್ನು ತಿದ್ದುವುದು ಹೇಗೆಂದು ನಾನೂ ಸುಮ್ಮನಿದ್ದೆ. ಆಮೇಲೆ ಚೀಲ ಹರಿದು ಬೇರೆಯದು ಬಂತು. ಅವರು ಅದನ್ನೂ ಓದಿ, "ಏನ್ರೀ, ಹೆಸರು ಬದಲಾಯಿಸ್ಕೊಂಡ್ರಾ? ಜಾತಕದಲ್ಲಿ ಏನಾದ್ರೂ ದೋಷ ಇತ್ತಾ?" ಎಂದು ಕೇಳಿದರು.

ಇದನ್ನು ನಿಲ್ಲಿಸಿದ್ದು ನನ್ನ ಹೆಂಡತಿ ಮಂಗಳ. ಒಂದು ಭಾನುವಾರ ನನ್ನ ಚೀಲವನ್ನು ಒಗೆಯಲು ತೆಗೆದುಕೊಂಡವಳು ಅದನ್ನು ಎತ್ತಿ ಹಿಡಿದು ನೋಡಿ, "ರೀ, ಈ ಚೀಲದ ಮೇಲಿರೋ ಗಂಡು ಹೆಣ್ಣು ಬೇರೆಬೇರೆಯಾಗಿ ಎಂಟು ತಿಂಗಳಾಯ್ತು. ಅವರೇ ಒಟ್ಟಿಗಿಲ್ಲ, ನೀವು ಇನ್ನೂ ಇಬ್ಬರನ್ನೂ ಒಟ್ಟಿಗೆ ಹೊತ್ಕೊಂಡು ತಿರುಗ್ತಿದ್ದೀರಲ್ಲ. ಅವರ ಕಡೆಯೋರು ಯಾರಾದ್ರೂ ಬಸ್ಸಲ್ಲಿ ನೋಡಿದ್ರೆ ಏನು ತಿಳ್ಕೋತಾರೆ?" ಅಂದಳು. ನಾನು ಇನ್ನೊಂದು ಚೀಲ ಹುಡುಕಲು ಬೀರುವಿನ ಕಡೆ ಹೋದೆ. "ಬೇಡ," ಅಂದಳು. "ಅಂಗಡೀಲಿ ಸಿಗೋ ಚೀಲ ತಗೊಳ್ಳಿ. ಹೆಸರಿಲ್ಲದ್ದು."

ಹೆಸರಿಲ್ಲದ ಚೀಲ ಆರಿಸುವುದು ಎಷ್ಟು ಕಷ್ಟವೆಂದು ನನಗೆ ಗೊತ್ತಾದದ್ದು ಕಾಲೇಜಿನಲ್ಲಿ ಈ ಮಾತು ಎತ್ತಿದ ಮೇಲೆ. ವಾಣಿಜ್ಯ ವಿಭಾಗದವರು ಬೆನ್ನಿಗೆ ಹಾಕಿಕೊಳ್ಳುವುದನ್ನೇ ತಗೊಳ್ಳಿ ಅಂದರು. ಅಂಥದ್ದೊಂದನ್ನು ಅವರಿಂದಲೇ ಕಡ ತಂದು ಒಂದು ದಿನ ಬಸ್ಸು ಹತ್ತಿದೆ. ನಾನು ಎಡಕ್ಕೆ ತಿರುಗಿದರೆ ಬಲಗಡೆಯವರು ಬೈದರು, ಬಲಕ್ಕೆ ತಿರುಗಿದರೆ ಎಡಗಡೆಯವರು. ಕಂಡಕ್ಟರು ಮಾತ್ರ ಎರಡೂ ಕಡೆಯಿಂದ ಬೈದ. ಗಣಿತದವರು ಲ್ಯಾಪ್‌ಟಾಪ್ ಬ್ಯಾಗ್ ಅಂದರು. ಲ್ಯಾಪ್‌ಟಾಪ್ ಇಲ್ಲವಲ್ಲ ಅಂದೆ. "ಅದು ಇರೋರು ಮಾತ್ರ ಈ ಬ್ಯಾಗ್ ಹಾಕ್ಕೋತಾರೆ ಅಂತ ನಿಮಗೆ ಯಾರು ಹೇಳಿದ್ದು?" ಎಂದು ತಮ್ಮದನ್ನು ತೆರೆದು ತೋರಿಸಿದರು. ಒಳಗೆ ಎರಡು ಕಟ್ಟು ಮೆಂತ್ಯಸೊಪ್ಪು ಇತ್ತು. ಹೆಗಲಿಗೆ ನೇತು ಹಾಕುವ ಖಾದಿ ಜೋಳಿಗೆ ಚೆನ್ನಾಗಿರುತ್ತದೆ ಎಂದು ಕನ್ನಡ ಮೇಷ್ಟ್ರು ಹೇಳಿದರು. ಅದನ್ನು ಹಾಕಿಕೊಂಡರೆ ಯಾರಾದರೂ ಕವನ ಓದಿ ಎಂದು ಕೇಳುವ ಭಯಕ್ಕಿಂತ, ಕೇಳಿದರೆ ನಾನು ಬರೆದೇಬಿಡುವ ಭಯ ನನಗೆ ಹೆಚ್ಚಾಗಿತ್ತು.

ಕೊನೆಗೆ ನಾನೂ ಮಂಗಳಳೂ ಪಿರಿಯಾಪಟ್ಟಣ ದಾಟಿ ಕೊಪ್ಪಕ್ಕೆ ಹೋದೆವು. ಅಲ್ಲಿ ಬೈಲುಕುಪ್ಪೆಯ ಟಿಬೆಟಿನವರು ನಡೆಸುವ ಅಂಗಡಿಗಳಲ್ಲಿ ಚೀಲಗಳು ಬಾಗಿಲಿನಿಂದ ಸೂರಿನ ತನಕ ತೂಗುತ್ತವೆ. ನಾವು ಹೋದ ಅಂಗಡಿಯ ಹೆಂಗಸು ನಮ್ಮಿಬ್ಬರಿಗಿಂತ ಸ್ಪಷ್ಟವಾಗಿ ಕನ್ನಡ ಮಾತಾಡುತ್ತಿದ್ದರು. ಇಷ್ಟು ಜನ ನನಗೆ ಚೀಲದ ಬುದ್ಧಿ ಹೇಳಿದ್ದರೂ, "ಒಳಗೆ ಏನು ಹಾಕ್ತೀರಾ?" ಎಂದು ಕೇಳಿದವರು ಅವರೊಬ್ಬರೇ. ಊಟದ ಡಬ್ಬಿ ಅಂದೆ. "ಉದ್ದದ್ದೋ, ಗುಂಡಗಿರೋದೋ?" ಗುಂಡಗಿನದು, ಸ್ಟೀಲಿನದು. ಅವರು ಯೋಚಿಸಿ ಒಂದು ಕಪ್ಪು ಚೀಲ ಇಳಿಸಿದರು. ಒಂದೇ ಪಟ್ಟಿ, ಒಂದು ಹೆಗಲಿನಿಂದ ಇನ್ನೊಂದು ಬದಿಯ ಸೊಂಟಕ್ಕೆ ಅಡ್ಡ ಬೀಳುವಂಥದ್ದು, ಮುಂದೆ ದೊಡ್ಡ ಮುಚ್ಚಳ. "ನೀವು ಸೈಡ್ ಬ್ಯಾಗ್ ಅಂತೀರಲ್ಲ, ಅದೇ. ಕಂಪನಿಯೋರು ಮೆಸೆಂಜರ್ ಬ್ಯಾಗ್ ಅಂತಾರೆ." ಮೆಸೆಂಜರ್ ಎಂದರೆ ಕಡತ ಹೊರುವ ಜವಾನ ಎಂದೇ ನನ್ನ ತಿಳಿವಳಿಕೆ. ಇಷ್ಟು ವರ್ಷ ಗುಮಾಸ್ತನಾಗಿದ್ದು ಈಗ ಜವಾನನಾಗುವುದೇ ಎಂದು ಅನುಮಾನಿಸುತ್ತಿದ್ದಾಗ, ಮಂಗಳ ನನ್ನ ಕೊರಳಿಗೆ ಅದನ್ನು ಹಾಕಿ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, "ಪರವಾಗಿಲ್ಲ, ಯಾವುದೋ ಕೆಲಸ ಇರೋರ ಹಂಗೆ ಕಾಣ್ತೀರಾ," ಅಂದಳು. ಮದುವೆಯಾದ ಮೇಲೆ ಅವಳು ನನ್ನ ರೂಪದ ಬಗ್ಗೆ ಆಡಿದ ಅತ್ಯಂತ ಒಳ್ಳೆಯ ಮಾತು ಅದು. ತೆಗೆದುಕೊಂಡುಬಿಟ್ಟೆ.

ಇಲ್ಲಿ ನಮ್ಮ ಅಪ್ಪನ ವಿಷಯ ಸ್ವಲ್ಪ ಹೇಳಬೇಕು. ನಮ್ಮಪ್ಪನ ಹೆಸರು ನಂಜಪ್ಪ. ಊರಲ್ಲಿ ಅವರ ಹೆಸರಿಗೆ ಒಂದಿಷ್ಟು ಹೊಲವಿದೆ, ರಾಗಿ, ಹೊಗೆಸೊಪ್ಪು ಬೆಳೆಯುತ್ತೇವೆ. ಒಂದು ಸಲ ಪಹಣಿ ತೆಗೆಸಿದಾಗ ಅದರಲ್ಲಿ ನಂಜಪ್ಪ ಹೋಗಿ ನಂಜಮ್ಮ ಆಗಿತ್ತು. ಬಿತ್ತನೆ ಬೀಜಕ್ಕೆ ಹೋದಲ್ಲಿ, "ಬೀಜ ನಂಜಮ್ಮನ ಕೈಗೇ ಕೊಡಬೇಕು, ಅವರನ್ನ ಕಳಿಸಿ," ಎಂದು ಅಪ್ಪನನ್ನು ವಾಪಸ್ ಕಳಿಸಿದರು. ಅಪ್ಪ ಮನೆಗೆ ಬಂದು ಜಗುಲಿಯ ಮೇಲೆ ಕೂತು, "ಎಂಬತ್ತು ವರ್ಸ ಗಂಡಸಾಗಿ ಬಾಳಿವ್ನಿ ಕಣ್ಲಾ. ಈಗ ನನ್ನ ಎಂಗ್ಸು ಮಾಡ್ಬುಟ್ಟವ್ರೆ. ಸಾಯೋದ್ರೊಳಗೆ ಒಂದ್ಸಲ ಗಂಡಸು ಮಾಡ್ಸು," ಅಂದರು. ಅಮ್ಮನಿಗೆ ಕಿವಿ ಸ್ವಲ್ಪ ಮಂದ. ಅವಳಿಗೆ ಅರ್ಧ ಮಾತ್ರ ಕೇಳಿಸಿತ್ತು. ಒಳಗಿಂದ ಬಂದು, "ಯಾವೋಳ್ಲಾ ಅದು ನಂಜಮ್ಮ? ಒಲ ಅವಳ ಎಸ್ರಿಗೆ ಯಾಕೆ ಓಯ್ತು?" ಎಂದು ಕೇಳಿದಳು. ಅವಳಿಗೆ ತಿಳಿಸಿ ಹೇಳುವುದೇ ಒಂದು ವಾರದ ಕೆಲಸವಾಯಿತು. ಪೂರ್ತಿ ನಂಬಿದಳೆಂದು ಈಗಲೂ ಹೇಳಲಾರೆ.

ತಿದ್ದುಪಡಿಗಾಗಿ ನಾನು ಒಂದು ಕಚೇರಿಗೆ ಅಲೆಯತೊಡಗಿದೆ. ಯಾವ ಊರಿನದು ಎಂದು ಹೇಳುವುದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ನಾಲ್ಕೂ ಕಡೆಯ ಓದುಗರು ತಮ್ಮ ಊರಿನದೇ ಎಂದುಕೊಂಡರೆ ನನ್ನ ಅಭ್ಯಂತರವಿಲ್ಲ. ಹೊಸ ಚೀಲ ಬರುವ ಮೊದಲು ಮೂರು ಸಲ ತಾಂಬೂಲದ ಚೀಲ ಹಿಡಿದು ಹೋಗಿದ್ದೆ. ನಮ್ಮ ವಿಷಯ ನೋಡಿಕೊಳ್ಳುವ ಕೇಸ್ ವರ್ಕರ್ ಮೂರು ಸಲವೂ ತಲೆ ಎತ್ತಲಿಲ್ಲ. ಅವರ ನೆತ್ತಿಯಲ್ಲಿ ಎರಡು ಸುಳಿ ಇವೆ ಎಂಬುದು ನನಗೆ ಗೊತ್ತಾಯಿತು, ಮುಖ ಹೇಗಿದೆ ಎಂದು ಗೊತ್ತಾಗಲಿಲ್ಲ. "ಮುಂದಿನ ವಾರ ಬನ್ನಿ" ಎಂದು ಕಡತಕ್ಕೆ ಹೇಳಿದಂತೆ ಹೇಳುತ್ತಿದ್ದರು.

ಅಲ್ಲಿಯ ಜಗುಲಿಯ ಬೆಂಚಿನ ಮೇಲೆ ನನಗೆ ಜವರಮ್ಮನ ಪರಿಚಯವಾಯಿತು. ಅಂತರಸಂತೆಯ ಕಡೆಯಿಂದ ಮಗನ ಮನೆಗೆ ಬಂದಿದ್ದ ಮುದುಕಿ. ಗಂಡ ತೀರಿಕೊಂಡ ಮೇಲೆ ವಂಶವೃಕ್ಷದ ಪ್ರಮಾಣಪತ್ರ ಬೇಕೆಂದು ಅರ್ಜಿ ಹಾಕಿ, ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮಡಿಲಲ್ಲಿ ಇಟ್ಟುಕೊಂಡು ಕೂತಿರುತ್ತಿದ್ದಳು. "ನಂದು ದೊಡ್ ಮರ ಏನಲ್ಲ ಕಣಪ್ಪ. ಒಬ್ಬ ಮಗ, ಒಬ್ಳು ಮಗ್ಳು. ಎಲ್ಡು ರೆಂಬೆ ಬರಿಯಕ್ಕೆ ಆರು ತಿಂಗ್ಳಿಂದ ಅಲಿತಿವ್ನಿ," ಎಂದು ನನಗೆ ಎಲೆ ಅಡಿಕೆ ಕೊಡುತ್ತಿದ್ದಳು. ಇಬ್ಬರೂ ಅಗಿಯುತ್ತಾ ಕೂರುತ್ತಿದ್ದೆವು.

ನಾಲ್ಕನೆಯ ಸಲ ಹೋದದ್ದು ಹೊಸ ಚೀಲ ಹಾಕಿಕೊಂಡು. ಮುಚ್ಚಳದ ಜೇಬಿಗೆ ಪೆನ್ನು ಸಿಕ್ಕಿಸಿದ್ದೆ. ಒಳಗೆ ಅರ್ಜಿಯ ಪ್ರತಿಗಳು ಮತ್ತು ಊಟದ ಡಬ್ಬಿ. ಮೇಜಿನ ಮುಂದೆ ನಿಂತೆ. ಕೇಸ್ ವರ್ಕರ್‌ಗೆ ಮೊದಲು ಕಂಡದ್ದು ಪಟ್ಟಿ, ಆಮೇಲೆ ಚೀಲ, ಆಮೇಲೆ ಅದರೊಳಗೆ ಗುಂಡಗೆ ಉಬ್ಬಿದ್ದ ಡಬ್ಬಿ. ಅವರು ತಲೆ ಎತ್ತಿದರು. ಅಷ್ಟೇ ಅಲ್ಲ, ಎದ್ದು ನಿಂತರು. ಮುಖ ಸೌಮ್ಯವಾಗಿಯೇ ಇತ್ತು.

"ಕೂತ್ಕೊಳ್ಳಿ ಸಾರ್. ಯಾವ ಪೇಪರ್ ಸಾರ್?"

"ಎಲ್ಲಾ ಪೇಪರ್ರೂ ಇದೆ," ಅಂದೆ. ಕಳೆದ ಸಲ ಒಂದು ಪ್ರತಿ ಕಡಿಮೆ ಎಂದು ಕಳಿಸಿದ್ದರು, ಅದಕ್ಕೆ.

"ಎಲ್ಲಾ ಪೇಪರ್‌ಗೂ ನೀವೇನಾ?"

"ಮನೇಲಿ ಬೇರೆ ಯಾರಿದ್ದಾರೆ ಸಾರ್, ನಾನೇ ಓಡಾಡ್ಬೇಕು. ತೆಗೀಲಾ?" ಎಂದು ಚೀಲದ ಮುಚ್ಚಳಕ್ಕೆ ಕೈ ಹಾಕಿದೆ.

"ಬೇಡ ಬೇಡ. ಅದು ಒಳಗೇ ಇರ್ಲಿ ಸಾರ್. ಕ್ಯಾಮೆರಾ ಎಲ್ಲ ಯಾಕೆ, ನಾವು ನಾವೇ ಮಾತಾಡೋಣ," ಎಂದು ಅವರು ಜವಾನನಿಗೆ ಟೀ ತರಲು ಸನ್ನೆ ಮಾಡಿದರು.

ಆಗ ನನಗೆ ಅರ್ಥವಾಯಿತು. ಆ ಕಡೆ ಓಡಾಡುವ ಪತ್ರಕರ್ತರೆಲ್ಲ ಇಂಥದೇ ಕಪ್ಪು ಚೀಲ ಹಾಕುತ್ತಾರೆ. ನಾನು ತಕ್ಷಣ, ಸ್ವಾಮಿ, ನಾನು ಪತ್ರಿಕೆಯವನಲ್ಲ, ಒಳಗಿರುವುದು ಚಿತ್ರಾನ್ನ ಎಂದು ಹೇಳಬೇಕಾಗಿತ್ತು. ಹೇಳುವಷ್ಟರಲ್ಲಿ ಟೀ ಬಂತು. ಬಾಯಲ್ಲಿ ಟೀ ಇಟ್ಟುಕೊಂಡು ಮಾತಾಡುವುದು ಸಭ್ಯತೆಯಲ್ಲ ಎಂದು ಸುಮ್ಮನಾದೆ. ಟೀ ಮುಗಿಯುವ ಹೊತ್ತಿಗೆ ಅವರು ನಮ್ಮ ಕಡತ ಹುಡುಕಿದ್ದರು. ಆಗ ಸತ್ಯ ಹೇಳಿ ಅವರ ಏಕಾಗ್ರತೆ ಕೆಡಿಸಬಾರದು ಎನ್ನಿಸಿತು. ಮಧ್ಯದಲ್ಲಿ ಒಮ್ಮೆ ಕಂಪ್ಯೂಟರಿನವನು ನಾಳೆ ಮಾಡೋಣ ಎಂದು ಗೊಣಗಿದ. ನಾನು ಜೇಬಿನಿಂದ ಪೆನ್ನು ತೆಗೆದೆ, ಸುಮ್ಮನೆ. ಅವನು ಆಗಲೇ ಮಾಡಿದ. ಒಂದು ಗಂಟೆಯೊಳಗೆ ಸಹಿ, ಮೊಹರು ಎಲ್ಲ ಮುಗಿದು ನಮ್ಮಪ್ಪ ಗಂಡಸಾದರು.

ಹೊರಗೆ ಬಂದರೆ ಜವರಮ್ಮ ಬೆಂಚಿನ ಮೇಲೆ. ಬಾಗಿಲಿನಿಂದ ಎಲ್ಲ ನೋಡಿದ್ದಳು. "ನೀನು ಪೇಪರ್ನೋನು ಅಂತ ಒಂದ್ಸಲನೂ ಯೋಳ್ನಿಲ್ವಲ್ಲಪ್ಪ. ನಂದೂ ವಸಿ ಯೋಳು," ಅಂದಳು. ನನ್ನದು ಆಗಿದೆ, ಸಿಕ್ಕಿಬೀಳುವ ಮೊದಲು ಬಸ್ಸು ಹಿಡಿಯುವುದು ಜಾಣತನ. ಎರಡು ಮೆಟ್ಟಿಲು ಇಳಿದೂ ಬಿಟ್ಟೆ. ಆದರೆ ಮೂರು ದಿನ ಅವಳ ಎಲೆ ಅಡಿಕೆ ತಿಂದಿದ್ದೆ. ಅವಳನ್ನು ಕರೆದುಕೊಂಡು ಮತ್ತೆ ಒಳಗೆ ಹೋದೆ. ಚೀಲದ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ.

"ಇವರದ್ದೂ ಒಂದಿದೆ," ಅಂದೆ.

ಕೇಸ್ ವರ್ಕರ್ ಬೀರುವಿನ ಮೇಲಿನಿಂದ ಒಂದು ಕಟ್ಟು ಇಳಿಸಿ, ಧೂಳು ಕೊಡವಿ, ನಾಲ್ಕು ಹಾಳೆ ಮಗುಚಿ ಪ್ರಮಾಣಪತ್ರ ತೆಗೆದರು. ಸಹಿಯಾಗಿ ನಾಲ್ಕು ತಿಂಗಳಾಗಿತ್ತು. "ರೆಡಿನೇ ಇತ್ತಲ್ಲ ಅಜ್ಜಿ, ಕೇಳೋದಲ್ವಾ?" ಅಂದರು. ಜವರಮ್ಮ ಎರಡು ಕೈಯಲ್ಲೂ ಅದನ್ನು ತೆಗೆದುಕೊಂಡು ಕವರಿನೊಳಗೆ ಇಟ್ಟಳು.

ಹೊರಗಿನ ಹೊಂಗೆ ಮರದ ಕೆಳಗೆ ಬಂದ ಮೇಲೆ ಸೆರಗು ಸರಿ ಮಾಡಿಕೊಂಡು ನಿಂತು, "ಈಗ ನನ್ ಪೋಟ ಇಡಿ. ಪೇಪರ್ಗೆ ಆಕು," ಅಂದಳು. ನನಗೆ ಬೇರೆ ದಾರಿ ಉಳಿಯಲಿಲ್ಲ. ಚೀಲ ತೆರೆದು ಡಬ್ಬಿ ತೋರಿಸಿದೆ. ಅವಳು ಅದನ್ನು ಬಗ್ಗಿ ನೋಡಿ, ನನ್ನ ಮುಖ ನೋಡಿ, "ಇದಕ್ಕಾ ಅವ್ನು ಎದುರ್ಕಂಡದ್ದು?" ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅಲ್ಲೇ ಕೂತು ಡಬ್ಬಿಯ ಮುಚ್ಚಳದಲ್ಲಿ ಅವಳಿಗೆ ಅರ್ಧ ಚಿತ್ರಾನ್ನ ಹಾಕಿಕೊಟ್ಟೆ.

"ಅಂಗಾದ್ರೆ ನೀನು ಎಲ್ಲಿ ಕೆಲ್ಸ ಮಾಡದು?" ಎಂದು ತಿನ್ನುತ್ತಾ ಕೇಳಿದಳು.

"ಕಾಲೇಜಲ್ಲಿ ಅಜ್ಜಿ. ಗುಮಾಸ್ತ. ಮಕ್ಕಳಿಗೆ ಸರ್ಟಿಫಿಕೇಟ್ ಕೊಡೋದು."

"ಓ. ನೀನೂ ಅವ್ನಂಗೇ ಕುರ್ಚಿ ಮ್ಯಾಲೆ ಕೂರೋನು ಅನ್ನು," ಅಂದಳು. ಬೈಗುಳದಂತೆ ಹೇಳಲಿಲ್ಲ. ಉಪ್ಪು ಸರಿಯಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳಿದಳು.

ಅಪ್ಪ ಪಹಣಿಯನ್ನು ಮೂರು ಸಲ ಓದಿಸಿಕೊಂಡು ಕೇಳಿ ಮೀಸೆ ತಿರುವಿಕೊಂಡರು. ನನಗೆ ಮಾತ್ರ ಅಜ್ಜಿಯ ಮಾತು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ಅಡಿಕೆ ಚೂರಿನಂತೆ ಕಾಡುತ್ತಿತ್ತು. ಮಾರನೆಯ ದಿನ ಕಾಲೇಜಿಗೆ ಹೋದವನು, ಯಾರೂ ಇಲ್ಲದ ಹೊತ್ತು ನೋಡಿ, ನನ್ನ ಮೇಜಿನ ಬದಿಯ ರ‍್ಯಾಕಿನ ಕಟ್ಟು ಬಿಚ್ಚಿದೆ. ಪ್ರಾಂಶುಪಾಲರ ಸಹಿಯಾಗಿ ತಯಾರಾಗಿದ್ದ ಏಳು ಪ್ರಮಾಣಪತ್ರಗಳು ಸಿಕ್ಕವು. ಒಂದು, ಪಿರಿಯಾಪಟ್ಟಣದ ಕಡೆಯ ಹಳ್ಳಿಯ ಹುಡುಗಿ ರಮ್ಯಳದು. ಅವಳು ನಾಲ್ಕು ಸಲ ಬಂದಿದ್ದಳು. ನಾಲ್ಕು ಸಲವೂ ನಾನು ಏನೋ ಬರೆಯುತ್ತಾ "ನಾಳೆ ಬಾಮ್ಮ" ಅಂದಿದ್ದೆ. ಅವಳ ಮುಖ ನೆನಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ಏಳು ಜನಕ್ಕೂ ನಾನೇ ಫೋನು ಮಾಡಿದೆ. ಇಬ್ಬರು ರಾಂಗ್ ನಂಬರ್ ಎಂದುಕೊಂಡು ಇಟ್ಟರು. ಕಾಲೇಜಿನ ಗುಮಾಸ್ತ ತಾನಾಗಿ ಫೋನು ಮಾಡುತ್ತಾನೆ ಎಂದು ನಂಬುವುದು ಅವರಿಗೆ ಕಷ್ಟವಾಗಿರಬೇಕು.

ರಮ್ಯ ಅವತ್ತೇ ಮಧ್ಯಾಹ್ನದ ಬಸ್ಸಿಗೆ ಬಂದಳು. ಕಿಟಕಿಯ ಆಚೆ ನಿಂತವಳನ್ನು ಒಳಗೆ ಕರೆದು ಕೂರಿಸಿ ಪ್ರಮಾಣಪತ್ರ ಕೊಟ್ಟು, "ತಡವಾಯ್ತಮ್ಮ, ತಪ್ಪು ನಂದೇ," ಅಂದೆ. ಹೇಳಿದ ಮೇಲೆ ನನಗೇ ನನ್ನ ಮೇಲೆ ಒಂಥರಾ ಗೌರವ ಬಂತು. ಒಬ್ಬ ಬಡ ಹುಡುಗಿಯನ್ನು, ಯಾರ ಭಯವೂ ಇಲ್ಲದೆ, ಬರೀ ಮನುಷ್ಯತ್ವದಿಂದ ಕೂರಿಸಿ ಮಾತಾಡಿಸಿದ್ದೆನಲ್ಲ. ಅವಳು ಕಾಗದವನ್ನು ತಿರುಗಿಸಿ ನೋಡಿ ಸಮಾಧಾನದಿಂದ ಉಸಿರು ಬಿಟ್ಟು, "ನೀವು ಫೋನ್ ಮಾಡಿದ್ದು ಒಳ್ಳೇದಾಯ್ತು ಸರ್. ನಾಳೆ ನಮ್ಮ ಮಾವನ್ನ ಕರ್ಕೊಂಡು ಬರೋಣ ಅಂತಿದ್ದೆ. ಅವರು ಪೇಪರ್ನಲ್ಲಿದ್ದಾರೆ," ಅಂದಳು.

ಅವಳು ಆ ಮಾತು ಮುಗಿಸುವುದರೊಳಗೆ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ.