ಕಣ್ಣು ಮುಚ್ಚಿ ಕೇಳುವವರ ಬಳಗ

ಭಾನುವಾರ ಮಧ್ಯಾಹ್ನದ ನಿದ್ದೆಯನ್ನು ಕಿತ್ತುಕೊಂಡವರಿಗೆ ಯಾವ ನರಕ, ಎಷ್ಟು ವರ್ಷ ಎಂದು ಯಾವ ಪುರಾಣದಲ್ಲೂ ಬರೆದಿಲ್ಲ. ಬರೆದವರೆಲ್ಲ ಗಂಡಸರು, ಉಂಡು ಮಲಗಿದವರು. ಅಡುಗೆ ಮಾಡಿದವಳನ್ನು ಒಂದು ಮಾತು ಕೇಳಿ ಬರೆದಿದ್ದರೆ ಮೊದಲ ಅಧ್ಯಾಯವೇ ಅದಾಗಿರುತ್ತಿತ್ತು ಎಂಬುದು ಜಗದಾಂಬಾಳ ಖಚಿತ ಅಭಿಪ್ರಾಯ.

ಜಗದಾಂಬಾ ಹೈಸ್ಕೂಲಿನಲ್ಲಿ ಗಣಿತದ ಟೀಚರು. ವಾರದ ಆರು ದಿನ ಅರವತ್ತು ಮಕ್ಕಳಿಗೆ ಎಕ್ಸ್ ಎಲ್ಲಿದೆ ಎಂದು ಹುಡುಕಿಕೊಟ್ಟು, ಏಳನೆಯ ದಿನ ವಾರದ ಬಟ್ಟೆ, ವಾರದ ಧೂಳು, ವಾರದ ದೋಸೆ ಹಿಟ್ಟು ಎಲ್ಲ ಮುಗಿಸಿದರೆ ಅವಳದು ಅಂತ ಉಳಿಯುತ್ತಿದ್ದುದು ಎರಡೂವರೆಯಿಂದ ನಾಲ್ಕೂವರೆ. ಆ ಎರಡು ಗಂಟೆಯನ್ನು ಗಂಡ ಪಂಚಾಕ್ಷರಿಯವರು ನಾಲ್ಕು ವರ್ಷದ ಹಿಂದೆಯೇ ಸಂಗೀತಕ್ಕೆ ಧಾರೆ ಎರೆದುಬಿಟ್ಟಿದ್ದರು, ಅವಳ ಕೈಯಿಂದಲೇ ನೀರು ಬಿಡಿಸಿ.

ರಾಜಾಜಿನಗರದ ಅವರ ಮನೆಯ ಹಾಲ್‌ನಲ್ಲಿ ಪ್ರತಿ ಭಾನುವಾರ ಸೇರುವುದು ‘ನಾದಾನುಸಂಧಾನ ಬಳಗ’. (ಹೆಸರಲ್ಲಿ ಅಕ್ಷರ ಇರುವಷ್ಟು ಜನ ಬಳಗದಲ್ಲಿ ಇರಲಿಲ್ಲ.) ವಿಜಯನಗರದ ನಿವೃತ್ತ ಮೇಷ್ಟ್ರು ನಾಣಿ, ಕಾಮಾಕ್ಷಿಪಾಳ್ಯದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟಿರುವ ಬೈರಪ್ಪ, ಸಿಟಿ ಬಸ್ಸಿನ ಫಸ್ಟ್ ಶಿಫ್ಟ್ ಮುಗಿಸಿಕೊಂಡು ಕೆಂಗೇರಿಯಿಂದ ಓಡಿಬರುವ ಡ್ರೈವರ್ ಮರೆಪ್ಪ, ಮತ್ತೆ ಮನೆ ಯಜಮಾನರು. ವಾರಕ್ಕೊಬ್ಬರಂತೆ ತಾವು ಈಚೆಗೆ ಏನು ಕೇಳುತ್ತಿದ್ದೇವೆ ಅಂತ ಹೇಳಿ, ಅದನ್ನು ಉಳಿದವರಿಗೂ ಕೇಳಿಸಬೇಕು.

ಬಳಗದ ಸಂವಿಧಾನ ಬರೆದವರು ನಾಣಿ ಮೇಷ್ಟ್ರು. ಹಾಡು ಮುಗಿಯುವವರೆಗೆ ಕಣ್ಣು ತೆರೆಯಕೂಡದು, ಬಾಯಿ ತೆರೆಯಕೂಡದು, ಹೊರಗಿನವರು ಹಾಲ್‌ಗೆ ಕಾಲಿಡಕೂಡದು. ಪ್ಲೇಯರನ್ನು ಮುಟ್ಟುವ ಅಧಿಕಾರ ಪಂಚಾಕ್ಷರಿಯವರಿಗೆ ಮಾತ್ರ. ಜಗದಾಂಬಾಳ ಪಾಲಿಗೆ ಬಂದದ್ದು ಹಾಡು ಮುಗಿದು ‘ಆಹಾ!’ ಎಂಬ ಉದ್ಗಾರ ಕೇಳಿಬಂದ ತಕ್ಷಣ ಬಿಸಿ ಉಪ್ಪಿಟ್ಟು ಕಾಫಿ ತಂದಿಡುವ ಕರ್ತವ್ಯ. ಅಷ್ಟರೊಳಗೆ ಮಿಕ್ಸಿ ಹಾಕುವಂತಿಲ್ಲ. ಸಾಸಿವೆ ಸ್ವಲ್ಪ ಜೋರಾಗಿ ಸಿಡಿದರೂ ಹಾಲ್‌ನಿಂದ ಗಂಡನ ‘ಶ್...!’ ಬರುತ್ತಿತ್ತು. ಯಾವಾಗಲೂ ಗಂಡನದೇ. ಉಳಿದವರು ಅಷ್ಟು ಸುಲಭಕ್ಕೆ ಕದಲುವವರಲ್ಲ.

ಒಂದು ದಿನ ತಡೆಯಲಾರದೆ ಪರದೆ ಸರಿಸಿ ಇಣುಕಿದಳು. ಮೂವರು ಕಣ್ಣು ಮುಚ್ಚಿ ತಲೆ ಬಾಗಿಸಿ ಋಷಿಗಳ ಹಾಗೆ ಕೂತಿದ್ದರು. ಪಂಚಾಕ್ಷರಿಯವರು ಮಾತ್ರ ಪ್ಲೇಯರ್ ಪಕ್ಕ ಸ್ಟೂಲಿನ ಮೇಲೆ ಪಿಳಿಪಿಳಿ ಕಣ್ಣು ಬಿಡುತ್ತಿದ್ದರು. ಇಡೀ ಬಳಗದಲ್ಲಿ ಭಕ್ತಿ ಇಲ್ಲದವರು ನಮ್ಮನೆಯವರೊಬ್ಬರೇ ಎಂದು ಬೇಸರವಾಯಿತು. ಆಮೇಲೆ ಅವಳ ಕಣ್ಣು ಋಷಿಗಳನ್ನು ಬಿಟ್ಟು ಕುರ್ಚಿಗಳ ಮೇಲೆ ಹೋಯಿತು. ಒರಗಲು ಮೆತ್ತನೆಯ ಕುರ್ಚಿ, ತಲೆಯ ಮೇಲೆ ಫ್ಯಾನು, ಕಣ್ಣು ಮುಚ್ಚುವುದು ಕಡ್ಡಾಯ, ಮಾತಾಡಿಸುವುದು ನಿಷೇಧ. ಇಂಥ ಮಲಗುವ ಕೋಣೆಯನ್ನು ಮನೆಯಲ್ಲೇ ಇಟ್ಟುಕೊಂಡು ತಾನು ಒಳಗೆ ರವೆ ಹುರಿಯುತ್ತಿದ್ದೇನಲ್ಲ!

ಆ ರಾತ್ರಿ ಊಟಕ್ಕೆ ಬಡಿಸುತ್ತಲೇ ವಿಷಯ ಎತ್ತಿದಳು. “ರೀ, ನಾನೂ ಬಳಗಕ್ಕೆ ಸೇರ್ತೀನಿ.”

“ನೀನಾ? ಮದುವೆ ಆದಾಗಿಂದ ನೀನು ಪೂರ್ತಿ ಕೇಳಿರೋದು ಕುಕ್ಕರ್ ಒಂದನ್ನೇ.”

“ಅದಾದ್ರೂ ಮೂರು ಸಲ ಕೂಗಿ ಸುಮ್ಮನಾಗುತ್ತೆ. ನಿಮ್ಮದು ಎರಡು ಗಂಟೆ ಕೂಗುತ್ತೆ.”

“ಹಾಗಿದ್ಮೇಲೆ ಯಾಕೆ ಸೇರ್ತೀಯ?”

“ಮನುಷ್ಯರಿಗೆ ಸಂಸ್ಕಾರ ಬೇಡ್ವಾ?”

“ಉಪ್ಪಿಟ್ಟು ಯಾರು ಮಾಡ್ತಾರೆ?”

“ಸದಸ್ಯರಾದವರು ಉಪ್ಪಿಟ್ಟು ಮಾಡೋ ಹಾಗಿಲ್ಲ. ನಿಯಮ.”

“ಯಾರ್ ಮಾಡಿದ ನಿಯಮ?”

“ನಾನು. ಈಗ ತಾನೆ.”

ಮಹಾಯುದ್ಧಕ್ಕೆ ಸೆರಗು ಸಿಕ್ಕಿಸಿ ನಿಂತಿದ್ದಳು. ಪಂಚಾಕ್ಷರಿಯವರು ಬಾಯಲ್ಲಿದ್ದ ತುತ್ತು ನುಂಗಿದರು. “ಆಯ್ತು, ಸೇರು. ಕಾಫಿ ನಾನು ಮಾಡ್ತೀನಿ. ಬೇಕರಿಯಿಂದ ಖಾರಾ ಬನ್ ತರ್ತೀನಿ,” ಎಂದುಬಿಟ್ಟರು. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸೊಳ್ಳೆಬತ್ತಿಯನ್ನೂ ವಾದವಿಲ್ಲದೆ ಹಚ್ಚಲು ಬಿಡದ ಮನುಷ್ಯ ಇಷ್ಟು ಬೇಗ ಒಪ್ಪಿದ್ದೇಕೆ ಎಂದು ಅವಳು ಆಗಲೇ ಯೋಚಿಸಬೇಕಿತ್ತು. (ಗಣಿತದ ಟೀಚರ ಲೆಕ್ಕ ತಪ್ಪುವುದು ಮನೆಯಲ್ಲೇ.)

ಮುಂದಿನ ಭಾನುವಾರ ಮರೆಪ್ಪನ ಸರದಿ. “ಅಕ್ಕಾ, ನಾನು ಈಗ ಕೇಳ್ತಾ ಇರೋದು ತೋಡಿ ರಾಗ. ಸ್ವಲ್ಪ ಉದ್ದ ಇದೆ. ಒಂದೂ ಮುಕ್ಕಾಲು ಗಂಟೆ.”

“ಅಷ್ಟೇನಾ?” ಎಂದಳು ಜಗದಾಂಬಾ, ತುಂಬು ಹೃದಯದಿಂದ.

ಐದು ನಿಮಿಷಕ್ಕೆ ಅವಳು ಈ ಲೋಕದಲ್ಲಿರಲಿಲ್ಲ. ನಡುವೆ ಒಂದೆರಡು ಸಲ ಸಂಗೀತ ಅಲೆಯಂತೆ ಉಬ್ಬಿ ಬಂದು ಮತ್ತೆ ಇಳಿದದ್ದು ಮಸುಕಾಗಿ ತಿಳಿಯಿತು. ಕಲೆ ಅಂದರೆ ಹಾಗೇ ಇರಬೇಕು ಎಂದುಕೊಂಡು ಮಗ್ಗುಲಾದಳು, ಕುರ್ಚಿಯಲ್ಲಿ ಆಗುವಷ್ಟು. ಹಾಡು ನಿಂತು ಮನೆ ಗಕ್ಕನೆ ನಿಶ್ಶಬ್ದವಾದಾಗ ಎಚ್ಚರವಾಯಿತು.

“ಆಹಾ!” ಎಂದರು ನಾಣಿ ಮೇಷ್ಟ್ರು. “ಆಹಾಹಾ!” ಎಂದ ಬೈರಪ್ಪ. ಎಲ್ಲರೂ ಹೊಸ ಸದಸ್ಯೆಯ ಕಡೆ ತಿರುಗಿದರು. ಜಗದಾಂಬಾ ದೊಡ್ಡ ಆಕಳಿಕೆಯೊಂದನ್ನು ಹಲ್ಲು ಕಚ್ಚಿ ನುಂಗಿದಳು. ನುಂಗಿದ ರಭಸಕ್ಕೆ ಎರಡೂ ಕಣ್ಣಲ್ಲಿ ನೀರು ತುಂಬಿಬಂತು.

“ನೋಡ್ರೀ!” ಮೇಷ್ಟ್ರ ದನಿ ನಡುಗಿತು. “ನಾವು ಬಾಯಲ್ಲಿ ಹೇಳ್ತೀವಿ. ಮೇಡಂ ಕಣ್ಣಲ್ಲಿ ನೀರು!”

“ನಮ್ಗೆ ಇಷ್ಟ್ ವರ್ಷ ಆದ್ರೂ ಒಂದ್ ಹನಿ ಬಂದಿಲ್ಲ ಸಾ,” ಎಂದು ಬೈರಪ್ಪ ಕೈಮುಗಿದ.

ಆರು ಭಾನುವಾರ ಹೀಗೇ ಸ್ವರ್ಗ. ಜಗದಾಂಬಾಳ ಮುಖಕ್ಕೆ ಕಳೆ ಬಂತು. ಸ್ಕೂಲಿನಲ್ಲಿ ವಿಜ್ಞಾನದ ತುಂಗಾ ಮೇಡಂ ಪಕ್ಕಕ್ಕೆ ಕರೆದು, “ಯಾವ ಕ್ರೀಮ್ ರೀ?” ಎಂದು ಕೇಳಿದರು. “ಕ್ರೀಮ್ ಅಲ್ಲ, ಸಂಗೀತ ಕೇಳ್ತಿದೀನಿ,” ಎಂದಳು. ಅದು ಸುಳ್ಳೂ ಆಗಿರಲಿಲ್ಲ.

ಏಳನೆಯ ಭಾನುವಾರ ಬಳಗದವರು ಶಾಲು ತಂದರು. ನಾಣಿ ಮೇಷ್ಟ್ರು ಎದ್ದು ನಿಂತು, ತಾವೆಲ್ಲ ಬರೀ ಕೇಳುವವರೆಂದೂ ಮೇಡಂ ಕೇಳುವುದರಲ್ಲೇ ಕರಗುವವರೆಂದೂ ಹೇಳಿ, ‘ಶ್ರವಣ ಶಿರೋಮಣಿ’ ಎಂಬ ಬಿರುದು ಕೊಟ್ಟು ಹೊದಿಸಿದರು. ಜಗದಾಂಬಾ ನಾಚಿದಳು. ಆಗ ಪಂಚಾಕ್ಷರಿಯವರು ಗಂಟಲು ಸರಿಮಾಡಿಕೊಂಡರು.

“ನಂದೊಂದು ಸಲಹೆ. ಇಂಥವರು ಇದ್ದೂ ನಾವು ಸರದಿ ಅಂತ ಒದ್ದಾಡೋದ್ಯಾಕೆ? ಇನ್ಮೇಲೆ ಪ್ರತಿ ವಾರ ಇವಳೇ ಕೇಳಿಸಲಿ. ಪ್ಲೇಯರ್ ಇವಳ ಕೈಗೇ ಇರಲಿ.”

ಚಪ್ಪಾಳೆ ಬಿತ್ತು. ಅವಳು ಬಾಯಿ ತೆರೆಯುವುದರೊಳಗೆ ಸ್ಟೂಲಿನ ಮೇಲೆ ಕೂತಿದ್ದಳು, ಅವಳ ಮೆತ್ತನೆ ಕುರ್ಚಿಯಲ್ಲಿ ಪಂಚಾಕ್ಷರಿಯವರು ಕೂತಿದ್ದರು. ಅವರೇ ಸಿದ್ಧಮಾಡಿಟ್ಟಿದ್ದ ಪೆನ್ ಡ್ರೈವ್ ಸಿಕ್ಕಿಸಿದಳು. ಹಾಡು ಶುರುವಾಯಿತು. ಸ್ಟೂಲಿಗೆ ಒರಗಲು ಬೆನ್ನಿರಲಿಲ್ಲ, ಕಣ್ಣು ಮುಚ್ಚಿದರೆ ಬೀಳುವುದು ಖಂಡಿತ. ಹಾಗಾಗಿ ಸದಸ್ಯೆಯಾದ ಮೇಲೆ ಮೊದಲ ಸಲ ಕಣ್ಣು ಬಿಟ್ಟುಕೊಂಡು ಬಳಗವನ್ನು ನೋಡಿದಳು.

ಎಂಟನೇ ನಿಮಿಷಕ್ಕೆ ಮರೆಪ್ಪನ ಗಲ್ಲ ಎದೆಗೆ ತಾಗಿತು. ಬೈರಪ್ಪನ ಬಾಯಿ ತೆರೆದುಕೊಂಡಿತು. ತೊಡೆಯ ಮೇಲೆ ತಾಳ ಹಾಕುತ್ತಿದ್ದ ಮೇಷ್ಟ್ರ ಬೆರಳು ನಿಂತಿತು, ಕನ್ನಡಕ ಮೂಗಿನ ತುದಿಗೆ ಜಾರಿತು. ಪಂಚಾಕ್ಷರಿಯವರು ಇವರೆಲ್ಲರಿಗಿಂತ ಮೊದಲೇ ಹೊರಟುಹೋಗಿದ್ದರು. ಜಗದಾಂಬಾ ಕೆಮ್ಮಿದಳು. ಸ್ಟೂಲು ಎಳೆದಳು. “ಬೆಂಕಿ,” ಎಂದು ಮೆಲ್ಲಗೆ ಹೇಳಿಯೂ ನೋಡಿದಳು. ಯಾರೂ ಅಲುಗಲಿಲ್ಲ. ವಾಲ್ಯೂಮ್ ತಗ್ಗಿಸಿದಳು, ನಾಲ್ವರೂ ಒಟ್ಟಿಗೆ ಮಿಸುಕಾಡಿದರು. ಏರಿಸಿದಳು, ನಾಲ್ವರೂ ಮತ್ತೆ ತಣ್ಣಗಾದರು. ತೊಟ್ಟಿಲು ನಿಲ್ಲಿಸಿದರೆ ಮಗು ಏಳುತ್ತದಲ್ಲ, ಹಾಗೆ.

ನಾಲ್ಕು ವರ್ಷ! ಇನ್ನೂರು ಭಾನುವಾರ! ಇವರ ಗೊರಕೆಗೆ ಭಂಗ ಬರಬಾರದು ಅಂತ ತಾನು ಸದ್ದಿಲ್ಲದೆ ಈರುಳ್ಳಿ ಹೆಚ್ಚಿದ್ದು! ಪ್ಲೇಯರನ್ನು ಎತ್ತಿ ಕುಕ್ಕಿ ಎಲ್ಲರ ಮಾನ ಕಳೆಯಬೇಕು ಅನ್ನಿಸಿತು. ಎದ್ದೂ ನಿಂತಳು. ಹೆಗಲ ಮೇಲಿನ ಶಾಲು ಜಾರಿತು. ಇವರು ಮಲಗಿದ್ದರೆಂದು ಹೇಳಬೇಕಾದರೆ ಶಿರೋಮಣಿಯವರು ಆರು ವಾರ ಏನು ಮಾಡುತ್ತಿದ್ದರೆಂದೂ ಹೇಳಬೇಕಾಗುತ್ತದೆ. ಮೆಲ್ಲಗೆ ಕೂತುಕೊಂಡಳು.

ಹಾಡು ಮುಗಿಯಿತು. “ಆಹಾ!” ಎಂದರು ಮೇಷ್ಟ್ರು, ಕಣ್ಣೊರೆಸಿಕೊಂಡು. “ಮೇಡಂ, ಇಂಥಾ ಅನುಭವ ಇದೇ ಮೊದಲು.” ಬೈರಪ್ಪ ಅಡುಗೆಮನೆ ಕಡೆ ಕತ್ತು ಚಾಚಿ, “ಕಾಫಿ...?” ಎಂದ. ಕಾಫಿ ಮಾಡಬೇಕಾದವರು ಇನ್ನೂ ಎದ್ದಿರಲಿಲ್ಲ. ಜಗದಾಂಬಾ ಶಾಲು ಮಡಚಿಟ್ಟು ಒಳಗೆ ಹೋದಳು.

ಎಲ್ಲರೂ ಹೋದ ಮೇಲೆ ಗಂಡನ ಎದುರು ಸೊಂಟಕ್ಕೆ ಕೈಕೊಟ್ಟು ನಿಂತಳು. “ನಿಮಗೆ ಗೊತ್ತಿತ್ತು.”

“ಯಾರಾದ್ರೂ ಒಬ್ಬರು ಎದ್ದಿರಬೇಕಲ್ಲೇ, ಮುಗಿದಾಗ ನಿಲ್ಸೋಕೆ,” ಎಂದರು ಪಂಚಾಕ್ಷರಿಯವರು. “ಬೈರಪ್ಪನ ಮನೆ ಇರೋದೇ ಲೇತ್ ವರ್ಕ್‌ಶಾಪ್ ಮೇಲೆ, ಭಾನುವಾರನೂ ಗರಗರ. ಮರೆಪ್ಪ ಬೆಳಗಿನ ಜಾವ ಮೂರೂವರೆಗೆ ಏಳ್ತಾನೆ. ಮೇಷ್ಟ್ರ ಹೊಟ್ಟೆ ಮೇಲೆ ಮೊಮ್ಮಕ್ಕಳು ಕ್ರಿಕೆಟ್ ಆಡ್ತಾವೆ. ಎಲ್ಲಿ ಹೋಗಿ ಮಲಗ್ತಾರೆ ಪಾಪ? ನಿದ್ದೆ ಮಾಡೋಕೆ ಬರ್ತೀವಿ ಅಂತ ಬಾಯ್ಬಿಟ್ಟು ಹೇಳೋಕಾಗುತ್ತಾ? ಒಬ್ಬೊಬ್ಬರಿಗೂ ತಾನೊಬ್ಬನೇ ಕಳ್ಳ ಅನ್ನೋ ನಂಬಿಕೆ.”

“ಮತ್ತೆ ನಾನು?”

“ನಿಂದು ಗೊರಕೆ ಬೇರೆ. ಅದು ಬಂದಾಗೆಲ್ಲ ವಾಲ್ಯೂಮ್ ಏರಿಸ್ತಿದ್ದೆ.”

ಅಲೆಯಂತೆ ಉಬ್ಬಿ ಬರುತ್ತಿದ್ದ ಸಂಗೀತ ಜಗದಾಂಬಾಳಿಗೆ ನೆನಪಾಯಿತು. ಕಿವಿ ಬಿಸಿಯಾಯಿತು.

“ನಾಲ್ಕು ವರ್ಷದಿಂದ ಭಾನುವಾರ ನಾನು ಕಣ್ಣು ಮುಚ್ಚಿಲ್ಲ ಕಣೇ,” ಎಂದರು ಅವರು. ಈ ಸಲ ದನಿಯಲ್ಲಿ ತಮಾಷೆ ಇರಲಿಲ್ಲ. “ಆಫೀಸಲ್ಲಿ ಮಲಗೋಣ ಅಂದ್ರೆ ಸಿಸಿ ಕ್ಯಾಮೆರಾ ಹಾಕ್ಸಿದಾರೆ.”

ಅವರ ಕಣ್ಣ ಕೆಳಗಿನ ಕಪ್ಪನ್ನು ಅವಳು ಇಷ್ಟು ದಿನ ಕನ್ನಡಕದ ನೆರಳು ಎಂದುಕೊಂಡಿದ್ದಳು. ಪಾಪ ಅನ್ನಿಸಿತು, ಪಾಪ ಅನ್ನಿಸಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಮರುವಾರ ಎರಡೂವರೆಗೆ ಸರಿಯಾಗಿ ಚಪ್ಪಲಿಗಳು ಬಾಗಿಲಲ್ಲಿ ಸಾಲಾದವು. “ಮೇಡಂ, ಈಗ ಏನು ಕೇಳ್ತಾ ಇದೀರಿ?” ಎಂದು ನಾಣಿ ಮೇಷ್ಟ್ರು ಆಗಲೇ ಅರ್ಧ ಕಣ್ಣು ಮುಚ್ಚಿ ವಿಚಾರಿಸಿದರು.

“ಸ್ವಲ್ಪ ಉದ್ದದ್ದು,” ಎಂದಳು ಜಗದಾಂಬಾ.

ಹತ್ತು ನಿಮಿಷಕ್ಕೆ ಮೆತ್ತನೆ ಕುರ್ಚಿಯಿಂದ ಪಂಚಾಕ್ಷರಿಯವರ ಗೊರಕೆ ಎದ್ದಿತು. ಪಕ್ಕದಲ್ಲಿದ್ದ ಮರೆಪ್ಪನ ಹುಬ್ಬು ಸ್ವಲ್ಪ ಅಲುಗಿತು. ಜಗದಾಂಬಾ ಒಂದು ಆಕಳಿಕೆ ಆಕಳಿಸಿ, ಕೈ ಚಾಚಿ, ವಾಲ್ಯೂಮ್ ಎರಡು ಗೆರೆ ಏರಿಸಿದಳು. ಆಮೇಲೆ ಸದ್ದಾಗದಂತೆ ರವೆ ಹುರಿಯಲು ಎದ್ದಳು.