ಬಾರಿಸುವವರಿಗೆ ನಂಬರ್ ಕೊಟ್ಟು ಕೆಟ್ಟೆ

ನಮ್ಮ ಗಜೇಂದ್ರಗಡದಲ್ಲಿ ರಾಜಕೀಯದ ಬಗ್ಗೆ ಎಷ್ಟು ಜಗಳಾಡಿದರೂ ಮರುದಿನ ಚಹಾಕ್ಕೆ ಕರೆಯುತ್ತಾರೆ. ಡೊಳ್ಳು ಬಾರಿಸುವವರಲ್ಲಿ ಯಾರು ದೊಡ್ಡವರು ಎಂದು ಬಾಯಿ ಬಿಟ್ಟಿರೋ, ಒಂದು ಮನೆಯ ಬಾಗಿಲು ಮುಚ್ಚಿತೆಂದೇ ತಿಳಿಯಿರಿ. ನಾನು ಸೀರೆಗಳಿಗೆ ಫಾಲ್ ಹಚ್ಚಿ ಕುಚ್ಚು ಕಟ್ಟುವವಳು. ಕೈ ಸೂಜಿಯಲ್ಲಿದ್ದರೂ ಕಿವಿ ಬೀದಿಯಲ್ಲಿರುತ್ತದೆ. ತವರು ಶಿರೋಳದಲ್ಲಿ ಅಪ್ಪನ ಹೆಗಲೇರಿದಾಗಿನಿಂದ ಡೊಳ್ಳು, ಹಲಗಿ, ಕರಡಿ ಎಲ್ಲ ಕೇಳಿದವಳು. ಇವರು ಮೊದಲನೆಯವರು, ಇವರು ಎರಡನೆಯವರು ಎಂದು ನಂಬರ್ ಕೊಡುವುದು ನನ್ನ ಚಟ. ಮನಸ್ಸಿನಲ್ಲೇ ಕೊಟ್ಟುಕೊಂಡಿದ್ದರೆ ಸುಖವಾಗಿರುತ್ತಿದ್ದೆ.

ಅತ್ತೆಯ ತಮ್ಮ

ನಾನಿನ್ನೂ ಹೊಸ ಸೊಸೆ. ನರಗುಂದದಲ್ಲಿ ನಾದಿನಿಯ ಲಗ್ನ. ಅತ್ತೆಯ ತಮ್ಮ ಯಾರ ಕೊರಳಿನದೋ ಡೊಳ್ಳು ಇಸಿದುಕೊಂಡು ಬೀದಿಯುದ್ದಕ್ಕೂ ಬಾರಿಸಿದರು. ಬೆವರು ಒರೆಸಿಕೊಳ್ಳುತ್ತ ನನ್ನ ಮುಂದೆಯೇ ಬಂದು ನಿಂತರು.

"ನಿನಗ ಭಾಳ ತಿಳೀತದಂತಲ್ಲವಾ. ಹ್ಯಾಂಗಿತ್ತು?"

"ಕೈಯಾಗ ಜೋರ್ ಐತ್ರಿ ಮಾವಾರ. ಆದ್ರ ಎಡಗೈ, ಬಲಗೈ ಹಿಂದ ಬಸ್ಸು ತಪ್ಪಿದವರಂಗ ಓಡ್ತದ."

ಸುತ್ತ ನಿಂತವರು ನಕ್ಕರು. ಅವರು ನಗಲಿಲ್ಲ. ಊಟಕ್ಕೂ ನಿಲ್ಲದೆ ಹೊರಟುಹೋದರು. ಅಂದಿನಿಂದ ನಮ್ಮ ಹೊಸ್ತಿಲು ತುಳಿದಿಲ್ಲ.

"ಸೊಸಿ ಅಂತ ತಂದೀವಿ, ಪರೀಕ್ಷಾ ಮಾಡಾಕ ಅಲ್ಲ" ಎಂದು ಅತ್ತೆ ವಾರಗಟ್ಟಲೆ ಮಾತು ಬಿಟ್ಟರು. ಒಂದು ದಿನ ಅತ್ತೆ ಗುಡಿಗೆ ಹೋದಾಗ ಮಾವ ಮೆಲ್ಲಗೆ ಅಡಿಗೆಮನೆಗೆ ಬಂದರು. ಇವರೂ ಬೈಯುತ್ತಾರೆಂದು ಸೆರಗು ಸರಿಮಾಡಿಕೊಂಡು ನಿಂತೆ.

"ದೀಪಾವಳಿಗೆ ಬಂದ್ರ ತಿಂಗಳಾನುಗಟ್ಟಲೆ ಏಳ್ತಿರಲಿಲ್ಲವಾ ಅವಾ" ಎಂದರು. "ಚಲೋ ಮಾಡಿದಿ. ನನ್ನ ತಂಗೀ ಗಂಡನೂ ಹಲಗಿ ಬಾರಿಸ್ತಾನ. ಒಮ್ಮೆ ಕರೆಸ್ಲೇನು?"

ರೋಣದ ಸ್ಪರ್ಧೆ

ರೋಣದಲ್ಲಿ ಒಂದು ಸಂಘದವರು ಡೊಳ್ಳಿನ ಸ್ಪರ್ಧೆ ಇಟ್ಟರು. ತೀರ್ಪುಗಾರರಲ್ಲಿ ಒಬ್ಬ ಹೆಣ್ಣುಮಗಳು ಇರಬೇಕೆಂದು ನನ್ನನ್ನೂ ಕರೆದರು. ಉಳಿದಿಬ್ಬರಲ್ಲಿ ಒಬ್ಬರು ಹತ್ತಿ ವ್ಯಾಪಾರಿ, ಇನ್ನೊಬ್ಬರು ನಿವೃತ್ತ ಹೆಡ್ ಮಾಸ್ತರರು. ಮೊದಲ ತಂಡ ಡೊಳ್ಳು ಎತ್ತುವಷ್ಟರಲ್ಲಿ ವ್ಯಾಪಾರಿಗೆ ನಿದ್ದೆ ಹತ್ತಿತ್ತು. ಅಂಥ ಸಪ್ಪಳದಲ್ಲಿ ನಿದ್ದೆ ಮಾಡುವುದಕ್ಕೇ ಒಂದು ಬಹುಮಾನ ಕೊಡಬಹುದಿತ್ತು.

ನನ್ನ ಲೆಕ್ಕದಲ್ಲಿ ಜೋರಾಗಿ ಬಾರಿಸುವವನು ದೊಡ್ಡವನಲ್ಲ, ಎಲ್ಲಿ ಬಾರಿಸಬಾರದು ಎಂದು ತಿಳಿದವನು ದೊಡ್ಡವನು. ಅಂಥ ತಂಡ ಅಲ್ಲಿ ಒಂದೇ ಇತ್ತು. ಪಾಪ, ಹಳೆಯ ಅಂಗಿಯಲ್ಲೇ ಬಂದಿದ್ದರು. ಅವರೇ ಮೊದಲು ಎಂದು ನಾನು ವಾದಕ್ಕೆ ನಿಂತೆ. ಮಾಸ್ತರರು ತಲೆಯಾಡಿಸುತ್ತ ಕೇಳಿ, ಕೊನೆಗೆ ಮೇಜಿನ ಕೆಳಗಿನ ಬಟ್ಟೆ ಸರಿಸಿ ತೋರಿಸಿದರು. ಅಲ್ಲಿದ್ದ ಬಹುಮಾನದ ಢಾಲಿನ ಮೇಲೆ ಸಂಘದ ಅಧ್ಯಕ್ಷರ ಅಳಿಯನ ತಂಡದ ಹೆಸರು ಆಗಲೇ ಕೆತ್ತಿಸಿಟ್ಟಿದ್ದರು.

"ಹಂಗಾದ್ರ ನಾವ್ಯಾಕ್ರಿ ಸರ, ಬಿಸಲಾಗ ಕುಂತೀವಿ?"

ಮಾಸ್ತರರು ಸಮಾಧಾನದಿಂದ ಹೇಳಿದರು: "ಬಾರಿಸೋರು ಇದ್ದ ಮ್ಯಾಲೆ ಕೇಳೋರೂ ಬೇಕಲ್ಲವಾ."

ಸಪ್ಪಳ ಇಲ್ಲದ ಡೊಳ್ಳು

ನನ್ನ ಎರಡನೇ ನಂಬರಿನವರು ನಮ್ಮ ಓಣಿಯವರೇ, ಮಗ್ಗ ನೇಯುವವರು. ಹೋದ ವರ್ಷ ಪಕ್ಕದ ಓಣಿಯ ಲಗ್ನಕ್ಕೆ ಅವರನ್ನು ಕರೆದರು. ಖುಷಿಯಿಂದ ಹೋದೆ. ನೋಡಿದರೆ ಮೆರವಣಿಗೆಯ ಮುಂದೆ ಗೋಡೆಯಷ್ಟೆತ್ತರದ ಡಿಜೆ, ಹಿಂದೆ ಇವರು. ಮದುಮಗನ ಗೆಳೆಯ ಬಂದು ಹೇಳಿದ: "ಕಾಕಾ, ನೀವು ಖರೇನ ಬಾರಿಸಬ್ಯಾಡ್ರಿ. ಡೊಳ್ಳಿನ ಸಪ್ಪಳಾ ಪೆಟ್ಟಿಗ್ಯಾಗಿಂದ ಬರ್ತದ. ವಿಡಿಯೋಕ್ಕಂತ ಸುಮ್ನ ಕೈ ಆಡಸ್ರಿ."

ಮೂರು ತಾಲೂಕಿನಲ್ಲಿ ಹೆಸರಾದ ಕೈಗಳು ಗಾಳಿಯಲ್ಲಿ ಆಡತೊಡಗಿದವು. ನನಗೆ ನೋಡಲಾಗಲಿಲ್ಲ, ಬಿಟ್ಟು ಬರಲೂ ಆಗಲಿಲ್ಲ. ಅರ್ಧ ದಾರಿಯಲ್ಲಿ ಜನರೇಟರ್ ಕೆಟ್ಟಿತು. ಮೆರವಣಿಗೆ ಗಪ್ಪಾಯಿತು. ಕುಣಿಯುತ್ತಿದ್ದವರು ಎತ್ತಿದ ಕಾಲು ಎತ್ತಿದಂತೆಯೇ ನಿಂತರು. ಇವರು ಮಾತ್ರ ಡೊಳ್ಳಿಗೆ ಕೈ ತಾಗಿಸದೆ ಆಡಿಸುತ್ತಲೇ ಇದ್ದರು.

"ಕಾಕಾ, ಬಾರಸ್ರಿ! ಲಗೂ ಬಾರಸ್ರಿ!"

"ಯಾಕಪಾ? ವಿಡಿಯೋದಾಗ ಸರಿಯಾಗಿ ಕಾಣವಲ್ದೇನು?" ಎಂದರು, ಕೈ ನಿಲ್ಲಿಸದೆ.

ಮೊದಲನೇ ನಂಬರ್

ಸವಡಿಯ ಒಬ್ಬ ಹಿರಿಯರು ಕರಡಿ ಬಾರಿಸುವವರು. ಕರಡಿ ಎಂದರೆ ಕಾಡಿನದಲ್ಲ, ಕೊರಳಿಗೆ ಹಾಕಿಕೊಂಡು ಬಾರಿಸುವ ವಾದ್ಯ. ಅವರಿಗಿಂತ ದೊಡ್ಡವರು ನನ್ನ ಪಾಲಿಗೆ ಯಾರೂ ಇಲ್ಲ. ಈಚೆಗೆ ಕರೆಯುವವರೂ ಇಲ್ಲ. ಮೊನ್ನೆ ಕಿವಿನೋವೆಂದು ರೋಣದ ಒಂದು ಕಿವಿ ದವಾಖಾನೆಗೆ ಹೋದರೆ, ನನ್ನ ಪಕ್ಕದ ಬಾಕಿನ ಮೇಲೆಯೇ ಕೂತಿದ್ದರು. ಇಷ್ಟು ವರ್ಷ ದೂರದಿಂದ ಕೇಳಿದ್ದೇ ಹೊರತು ಮಾತಾಡಿಸಿದ್ದಿಲ್ಲ. ಧೈರ್ಯ ಮಾಡಿ ಅವರ ಕಿವಿಯ ಹತ್ತಿರ ಬಾಗಿ ಹೇಳಿದೆ: "ಕಾಕಾರ, ನಿಮ್ಮದು ಮೊದಲನೇ ನಂಬರ್ ನೋಡ್ರಿ!"

ಅವರು ತಟ್ಟನೆ ಎದ್ದು ಸೀದಾ ಡಾಕ್ಟರ ಕೋಣೆಗೆ ನುಗ್ಗಿದರು.

ಮುಂಜಾನೆಯಿಂದ ಚೀಟಿ ಹಿಡಿದು ಕಾಯ್ದಿದ್ದ ಜನವೆಲ್ಲ ಎದ್ದು ನಿಂತಿತು. "ನನ್ನ ನಂಬರ್ ಅದು!" ಎಂದು ಒಬ್ಬ ಅಜ್ಜಿ ಕೋಲು ಎತ್ತಿದಳು. ಕಂಪೌಂಡರ್ ಒಳಗೆ ಹೋಗಿ ಆ ಹಿರಿಯರನ್ನು ರಟ್ಟೆ ಹಿಡಿದು ಹೊರಗೆ ತಂದ. "ಯಾರು ಕಳಿಸಿದ್ರು?" ಎಂದರೆ ಅವರು ನನ್ನ ಕಡೆ ಬೆರಳು ಮಾಡಿದರು. ಇಬ್ಬರನ್ನೂ ಸರದಿಯ ಕಟ್ಟಕಡೆಗೆ ಕೂಡಿಸಿದ.

ನನಗೆ ಅಳು ಬರುವುದೊಂದು ಬಾಕಿ. ಜೋರಾಗಿ ಬಿಡಿಸಿ ಹೇಳಿದೆ: "ಚೀಟಿ ನಂಬರ್ ಅಲ್ರೀ ಕಾಕಾ! ಕರಡಿ ಬಾರಿಸೋದ್ರಾಗ ನೀವು ಮೊದಲನೇ ನಂಬರ್!"

ಅವರು ನನ್ನ ಮುಖವನ್ನೇ ನೋಡಿದರು. "ಕೇಳಿಸ್ಲಿಲ್ಲ ತಂಗಿ. ಇನ್ನೊಮ್ಮೆ ಹೇಳು."

ಇನ್ನಷ್ಟು ಜೋರಾಗಿ ಹೇಳಿದೆ.

"ಈ ಕಿವ್ಯಾಗ ಹೇಳು."

ಆ ಕಡೆ ಹೋಗಿ ಹೇಳಿದೆ. ಅವರ ಮೀಸೆಯ ಅಂಚು ಅಲುಗಿತು. ಬಿಡಿಸಿ ಹೇಳಿದ ಮೊದಲ ಸಲವೇ ಕೇಳಿಸಿತ್ತೆಂದು ಆಗ ನನಗೆ ತಿಳಿಯಿತು.

"ಇನ್ನೂ ಒಮ್ಮೆ," ಎಂದರು.

ನಾನು ಬಾಯಿ ತೆರೆಯುವಷ್ಟರಲ್ಲಿ ಕಂಪೌಂಡರ್ ಕೈ ಮುಗಿದ: "ಸಾಕ್ ಮಾಡ್ರಿ ಅಕ್ಕಾರ. ಕಿವಿ ನೆಟ್ಟಗ ಇದ್ದಾಂವ ಇಲ್ಲಿ ನಾ ಒಬ್ಬನ ಅದೀನಿ."