ಭೋಂಗಾ ಸಂಘದ ನಾಲ್ಕನೆಯ ಗ್ರಾಮ

೧೯೬೩ನೆಯ ಇಸವಿಯಲ್ಲಿ ಇಚಲಕರಂಜಿಯ ಪೂರ್ವಕ್ಕಿರುವ ಹಿರೇಮಾಳ, ತಳವಾಡ, ಹುಲಗೇವಾಡಿ ಎಂಬ ಮೂರು ಗ್ರಾಮಗಳು ಸಂಘ ಕಟ್ಟಿಕೊಂಡು ಹೊತ್ತು ಸಾರಲು ಒಂದು ಭೋಂಗಾವನ್ನು, ಅಂದರೆ ಗಿರಣಿಯ ಸೈರನ್ನನ್ನು, ಸ್ಥಾಪಿಸಿದವು. ಪಕ್ಕದ ಕೆಂಚನವಾಡಿಯು ವಂತಿಗೆ ಕೊಡಲು ನಿರಾಕರಿಸಿತು. ಭೋಂಗಾವನ್ನು ಕೇಳಿಸಿಕೊಳ್ಳಲು ಮಾತ್ರ ನಿರಾಕರಿಸಲಿಲ್ಲ.

ಕೊಲ್ಹಾಪುರದಲ್ಲಿ ಮುಚ್ಚಿಹೋದ ಯಾವುದೋ ಗಿರಣಿಯಿಂದ ಲಿಲಾವಿನಲ್ಲಿ ತಂದ ಆ ಭೋಂಗಾ ಮುಂಜಾನೆ, ಮಧ್ಯಾಹ್ನ, ಸಂಜೆ ಕೂಗುತ್ತಿತ್ತು. ಮಗ್ಗದವರು ಪಾಳಿ ಬದಲಿಸುತ್ತಿದ್ದರು, ಹೊಲದವರು ಬುತ್ತಿ ಬಿಚ್ಚುತ್ತಿದ್ದರು. ಕೆಂಚನವಾಡಿಯವರೂ ಬಿಚ್ಚುತ್ತಿದ್ದರು, ಅದೂ ಪುಕ್ಕಟೆ. ಸಂಘವು ಮೊದಲು ಭೋಂಗಾದ ಬಾಯನ್ನು ಆ ಊರಿಗೆ ಬೆನ್ನಾಗುವಂತೆ ತಿರುಗಿಸಿತು. ಗಾಳಿ ಸಹಕರಿಸಲಿಲ್ಲ. ಆದ್ದರಿಂದ ಏಳನೆಯ ನಿಯಮ ಜಾರಿಯಾಯಿತು:

"ಸದಸ್ಯವಲ್ಲದ ಗ್ರಾಮದವರ ಕಿವಿಗೆ ಭೋಂಗಾ ಬಿದ್ದಲ್ಲಿ ಅದು ಅವರ ತಪ್ಪಲ್ಲ. ಆದರೆ ಹಾಗೆ ಬಿದ್ದ ಭೋಂಗಾವನ್ನು ಅವರು ಉಪಯೋಗಿಸತಕ್ಕದ್ದಲ್ಲ. ಕಾಲು ತಾಸು ಕಳೆದ ಮೇಲೆ ಸ್ವಂತ ಬುದ್ಧಿಯಿಂದ ವೇಳೆಯಾಯಿತೆಂದು ತಿಳಿದುಕೊಳ್ಳಬಹುದು."

ಇದರ ಪಾಲನೆಗಾಗಿ ಹಿರೇಮಾಳದ ಅಲ್ಲಪ್ಪನನ್ನು ಶ್ರವಣ ನಿರೀಕ್ಷಕನನ್ನಾಗಿ ನೇಮಿಸಲಾಯಿತು. ಮೊದಲು ಜಕಾತಿ ನಾಕಾದಲ್ಲಿದ್ದ ಅಲ್ಲಪ್ಪನಿಗೆ ಮಂದಿಯ ಚೀಲದಲ್ಲಿ ಏನಿದೆಯೆಂದು ಸಂಶಯಪಡುವ ಅನುಭವವಿತ್ತು. ಕಿವಿ ಅದಕ್ಕಿಂತ ಸಣ್ಣದು ಎಂದು ಅಧ್ಯಕ್ಷ ಭೀಮಗೊಂಡ ಪಾಟೀಲರು ಅಭಿಪ್ರಾಯಪಟ್ಟರು. ಅವನಿಗೆ ಒಂದು ಸೈಕಲ್ಲು, ಒಂದು ಖಾಕಿ ಕೋಟು ದೊರೆತವು. ಕೋಟು ಹಾಕಿಕೊಂಡ ದಿನ ಅಲ್ಲಪ್ಪ ತನ್ನ ಹೆಂಡತಿ ಬಾಳಕ್ಕನ ಮುಂದೆ ಎರಡು ಸಲ ಹಾದುಹೋದ. ಬಾಳಕ್ಕನ ತವರು ಕೆಂಚನವಾಡಿಯೇ ಆಗಿದ್ದರಿಂದ ಅವಳು ನೋಡಲಿಲ್ಲ.

ಮೊದಲನೆಯ ವಾರವೇ ಅವನು ಅತ್ತೆ ಗುರುಸಿದ್ದವ್ವನ ಮನೆಗೆ ಹೋದ. ಭೋಂಗಾ ಕೂಗಿತು, ಗುರುಸಿದ್ದವ್ವ ತಟ್ಟೆಗೆ ರೊಟ್ಟಿ ಹಾಕಿದಳು.

"ಅತ್ತೀ, ಭೋಂಗಾ ಕೇಳಿ ರೊಟ್ಟಿ ಹಾಕಿದ್ರೇನು?"

"ಹೊಟ್ಟಿ ಕೇಳಿ ಹಾಕೀನ್ರಿ ಅಳಿಯಂದ್ರ. ನೀವೂ ಕುಂದರ್ರಿ."

ಕರ್ತವ್ಯದ ಮೇಲಿದ್ದ ಅಲ್ಲಪ್ಪ ಕಾಲು ತಾಸು ಬಾಗಿಲಲ್ಲೇ ನಿಂತು, ಆಮೇಲೆ ಸ್ವಂತ ಬುದ್ಧಿಯಿಂದ ಕೂತು ಮೂರು ರೊಟ್ಟಿ ತಿಂದ. ಕೆಂಚನವಾಡಿಯ ಹಸಿವು ಭೋಂಗಾದೊಡನೆ ಅನುಮಾನಾಸ್ಪದವಾಗಿ ಹೊಂದಿಕೊಂಡಿದೆ ಎಂದು ಸಂಘಕ್ಕೆ ವರದಿ ಮಾಡಿದ.

ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರಲು, ಬಾಳಕ್ಕನ ತಂಗಿ ಚೆನ್ನವ್ವನ ಮದುವೆ ಗೊತ್ತಾಯಿತು. ವರ ತಳವಾಡದ ಬಸವಣ್ಣೆಪ್ಪ, ಸ್ವಂತ ಎರಡು ಮಗ್ಗದವನು. ಅಯ್ಯನವರು ತೆಗೆದ ಮುಹೂರ್ತ ಸರಿಯಾಗಿ ಮಧ್ಯಾಹ್ನದ ಭೋಂಗಾಕ್ಕೆ ಬಿತ್ತು. ಅಲ್ಲಪ್ಪ ಹೊಸ ಧೋತರದ ಮೇಲೆ ಖಾಕಿ ಕೋಟು ಹಾಕಿಕೊಂಡು ಕೆಂಚನವಾಡಿಯ ಹಂದರಕ್ಕೆ ಬಂದು, ಅಕ್ಕಿಕಾಳು ಕಾಲು ತಾಸು ತಡವಾಗಿ ಬೀಳತಕ್ಕದ್ದೆಂದು ತಿಳಿಸಿದ.

"ಮುಹೂರ್ತ ಮೀರತೈತ್ರಿ," ಎಂದರು ಅಯ್ಯನವರು.

"ಮುಹೂರ್ತ ನಮ್ಮ ಸಂಘದ ಸದಸ್ಯ ಅಲ್ರಿ," ಎಂದ ಅಲ್ಲಪ್ಪ.

ಈ ಮಾತು ನಡೆದಿರುವಾಗಲೇ ಭೋಂಗಾ ಕೂಗಿತು. ಕೈಯಲ್ಲಿ ಅಕ್ಕಿಕಾಳು ಹಿಡಿದು ಕಾದಿದ್ದ ಮಂದಿ ತಡೆಯಲಿಲ್ಲ. ಅಲ್ಲಪ್ಪನ ಕೋಟಿನ ಮೇಲೂ ನಾಲ್ಕು ಕಾಳು ಬಿದ್ದವು.

ಪ್ರಕರಣವು ಸಂಘದ ಮುಂದೆ ಬಂದಿತು. ಭೀಮಗೊಂಡ ಪಾಟೀಲರು ಯಾರಿಗೂ ಅನ್ಯಾಯವಾಗದಂತೆ ತೀರ್ಪಿತ್ತರು. ವರನು ಸದಸ್ಯ ಗ್ರಾಮದವನಾದ್ದರಿಂದ ಅವನು ಕೇಳಿದ ಭೋಂಗಾ ನ್ಯಾಯವಾದದ್ದು, ಅವನಿಗೆ ಮದುವೆಯಾಗಿದೆ. ವಧುವು ಕೆಂಚನವಾಡಿಯವಳಾದ್ದರಿಂದ ಅವಳಿಗೆ ಇನ್ನೂ ಆಗಿಲ್ಲ.

ಬಸವಣ್ಣೆಪ್ಪ ಎದ್ದು ನಿಂತ. "ಹಂಗಾರ ನಾ ಯಾರನ್ನ ಮದಿವಿ ಆಗೇನ್ರಿ?"

"ಅದನ್ನ ಮುಂದಿನ ಸಭಾಕ್ಕ ಇಡೂಣು," ಎಂದರು ಪಾಟೀಲರು.

ಆ ಸಂಜೆ ಬಾಳಕ್ಕ ಗಂಟು ಕಟ್ಟಿದಳು. "ನಮ್ಮ ತಂಗೀದು ಅರ್ಧಾ ಮದಿವಿ ಮಾಡಿ ಬಂದೀರಿ. ಉಳಿದ ಅರ್ಧಾ ಆಗೂತನಾ ನಾನೂ ನಿಮ್ಮ ಹೇಣ್ತಿ ಅಲ್ಲ," ಎಂದು ತವರಿಗೆ ಹೋದಳು. ಅಲ್ಲಪ್ಪ ಒಲೆ ಹಚ್ಚಲು ಹೋಗಿ ಕೋಟಿನ ತೋಳು ಸುಟ್ಟುಕೊಂಡ. ಸುಟ್ಟ ತೋಳಿನಲ್ಲಿ ಯಾರ ಕಿವಿಯನ್ನೂ ತಪಾಸಣೆ ಮಾಡುವ ಮನಸ್ಸು ಅವನಿಗೆ ಬರಲಿಲ್ಲ. ಭೋಂಗಾದ ಸದ್ದು ಯಾರಿಗೆ ಸೇರಿದ್ದೆಂದು ತೀರ್ಮಾನಿಸಿಕೊಡಬೇಕೆಂದು ಕೊಲ್ಹಾಪುರದ ಒಂದು ಕಚೇರಿಗೆ ಅರ್ಜಿ ಹಾಕಿದ. ಅಲ್ಲಿಂದ, ಸದ್ದು ತಮ್ಮ ಖಾತೆಗೆ ಬರುವುದಿಲ್ಲ, ಗದ್ದಲವಾದರೆ ಮಾತ್ರ ತಿಳಿಸುವುದು ಎಂದು ಉತ್ತರ ಬಂತು.

ಮುಂದಿನ ಸಭೆಗೆ ಗುರುಸಿದ್ದವ್ವ ತಾನೇ ಗಾಡಿ ಕಟ್ಟಿಸಿಕೊಂಡು ಬಂದಳು, ಚೆನ್ನವ್ವನ ಕೈ ಹಿಡಿದುಕೊಂಡು, ಬಾಳಕ್ಕನನ್ನೂ ಕರೆದುಕೊಂಡು.

"ಪಾಟೀಲ್ರ, ನಮ್ಮ ಊರು ನಿಮ್ಮ ಸಂಘಕ್ಕ ಬರೂದಿಲ್ಲ ಅಂತೈತಿ. ಈ ಹುಡುಗೀನ್ನರೆ ಸೇರಿಸ್ಕೋರಿ."

"ಸಂಘಕ್ಕ ಊರು ಅಷ್ಟ ತಗೋತೇವಿ ತಾಯಿ. ಮಂದೀನ್ನ ತಗೊಳ್ಳೂದಿಲ್ಲ."

"ಊರಂದ್ರ ಏನ್ರಿ?"

ಯಾರಿಗೂ ಗೊತ್ತಿರಲಿಲ್ಲ. ನಿಯಮಾವಳಿ ತೆಗೆಸಿ ನೋಡಲಾಗಿ, ಒಂದು ಹೆಸರು, ನಾಲ್ಕು ದಿಕ್ಕಿಗೆ ಗಡಿ ಮತ್ತು ಪಕ್ಕದವರೊಡನೆ ಒಂದು ತಂಟೆ ಇರುವುದೇ ಗ್ರಾಮವೆಂದು ಬರೆದಿತ್ತು. ಅಲ್ಲಪ್ಪ ಎದ್ದ. ಹದಿನೈದು ದಿನದಿಂದ ಹಸಿಬಿಸಿ ಅನ್ನ ತಿಂದ ಅವನ ದನಿಯಲ್ಲಿ ಮೊದಲ ಸಲ ಧೈರ್ಯವಿತ್ತು.

"ಅಧ್ಯಕ್ಷರ, ನಾ ತಪಾಸಣಿ ಮಾಡೇನ್ರಿ. ಹೆಸರು ಚೆನ್ನವ್ವ. ಪೂರ್ವಕ್ಕ ಅವರವ್ವ, ಪಶ್ಚಿಮಕ್ಕ ನಾ, ಉತ್ತರಕ್ಕ ಕಂಬ, ದಕ್ಷಿಣಕ್ಕ ಬಸವಣ್ಣೆಪ್ಪ. ತಂಟೆ ನಮ್ಮ ಸಂಘದ ಜೋಡೀನ ಐತಿ."

"ಕಾಯದೇಶೀರ ಐತಿ, ನಿಯಮಕ್ಕ ಹೊಂದತೈತಿ," ಎಂದರು ಪಾಟೀಲರು.

ಚೆನ್ನವ್ವನನ್ನು ನಾಲ್ಕನೆಯ ಗ್ರಾಮವೆಂದು ಅವಿರೋಧವಾಗಿ ಸ್ವೀಕರಿಸಲಾಯಿತು. ಮದುವೆಯ ಹಿಂದಿನ ದಿನದಿಂದಲೇ ಸದಸ್ಯತ್ವ ಕೊಟ್ಟದ್ದರಿಂದ ಮದುವೆಯೂ ಪೂರ್ತಿಯಾಯಿತು. ಬಸವಣ್ಣೆಪ್ಪ ಹೊರಗೆ ಹೋಗಿ ಪೇಢೆ ತಂದ. ಬಾಳಕ್ಕ ಅದೇ ಗಾಡಿಯಲ್ಲಿ ಗಂಡನ ಮನೆಗೆ ಬಂದಳು. ದಾರಿಯಲ್ಲಿ ಕೋಟಿನ ತೋಳನ್ನು ಹಿಡಿದು ನೋಡಿ, "ಹೊಲದು ಕೊಡ್ತೇನಿ ತಗೀರಿ," ಎಂದಳು.

ಸಂಘದ ಅಧ್ಯಕ್ಷತೆಯು ಗ್ರಾಮಗಳ ಅಕ್ಷರಕ್ರಮದಂತೆ ವರ್ಷವರ್ಷ ತಿರುಗುತ್ತಿತ್ತು. ಹಿರೇಮಾಳ, ಹುಲಗೇವಾಡಿ ಮುಗಿದ ಮೇಲೆ ಸರದಿ ಮತ್ತೆ ಮೊದಲಿಗೆ ಬಂದಾಗ, ತಳವಾಡಕ್ಕಿಂತ ಚೆನ್ನವ್ವ ಮುಂದಿದ್ದಳು. ಅಧ್ಯಕ್ಷಳಾದ ಚೆನ್ನವ್ವ ಮೊದಲ ಸಭೆಯಲ್ಲಿ ಒಂದೇ ಮಾತು ಹೇಳಿದಳು: "ಮಧ್ಯಾಹ್ನದ ಭೋಂಗಾ ನನ್ನ ರೊಟ್ಟಿ ಮುಗದ ಮ್ಯಾಲೆ ಹೊಡೀರಿ. ಅದಕ್ಕೂ ಮೊದಲ ಹೊಡದ್ರ ಇವರು ಬಂದು ಒಲಿ ಮುಂದ ಕುಂದರತಾರ." ಠರಾವು ಪಾಸಾಯಿತು. ಅಂದಿನಿಂದ ಆ ಸೀಮೆಯಲ್ಲಿ ಹಿಟ್ಟು ನುಣ್ಣಗೆ ಬೀಸಿದ ದಿನ ಹನ್ನೆರಡು ಗಂಟೆ ಬೇಗ ಆಗುತ್ತಿತ್ತು. ಮಗ್ಗದವರು ಹೊಂದಿಕೊಂಡರು. ಕೆಂಚನವಾಡಿಯವರು ಕಾಲು ತಾಸು ತಡವಾಗಿ ಹೊಂದಿಕೊಂಡರು.

ಸಂಘ ಕಳಿಸಿದ ಗ್ರಾಮಗಳ ಪಟ್ಟಿಯಿಂದ ಸರ್ಕಾರಿ ಯಾದಿಯಲ್ಲೂ ಹೆಸರು ಸೇರಿದ್ದರಿಂದ ಚೆನ್ನವ್ವ ಗ್ರಾಮಕ್ಕೆ ಒಂದು ಬಾವಿ ಮಂಜೂರಾಯಿತು. ಜಾಗ ನೋಡಲು ಬಂದ ಸಾಹೇಬರಿಗೆ ಬಸವಣ್ಣೆಪ್ಪ ಕಟ್ಟೆಯ ಮೇಲೆ ಕಂಬಳಿ ಹಾಸಿದ.

"ಊರು ಎಲ್ಲಿ ಬರತೈತಿ?" ಎಂದು ಸಾಹೇಬರು ಕೇಳಿದರು.

"ಒಳಗ ಅಡಿಗಿ ಮಾಡಾಕತ್ತೈತ್ರಿ. ಈಗ ಬರತೈತಿ, ಕುಂದರ್ರಿ."

ಸಾಹೇಬರು ಕೂತರು, ಊಟ ಮಾಡಿದರು, ಗ್ರಾಮದ ಆತಿಥ್ಯ ಉತ್ತಮವಾಗಿದೆ ಎಂದು ಷರಾ ಬರೆದು ಹೋದರು.

ಮರುವರ್ಷ ಶ್ರಾವಣದಲ್ಲಿ ಚೆನ್ನವ್ವನಿಗೆ ಹೆಣ್ಣು ಮಗು ಹುಟ್ಟಿತು. ಕಾಯಿದೆಯಂತೆ ಅಲ್ಲಪ್ಪ ವರದಿ ಕಳಿಸಿದ. ಒಂದೇ ವರ್ಷದಲ್ಲಿ ಜನಸಂಖ್ಯೆ ಇಮ್ಮಡಿಯಾದ ಗ್ರಾಮ ಜಿಲ್ಲೆಯಲ್ಲಿ ಮತ್ತೊಂದಿಲ್ಲವೆಂದು ಮೇಲಿನವರು ತೀವ್ರ ಕಳವಳ ವ್ಯಕ್ತಪಡಿಸಿ, ಕುಟುಂಬ ನಿಯೋಜನೆಯ ಜೀಪು ಕಳಿಸಿದರು. ಜೀಪಿನಲ್ಲಿ ಬಂದವರು ಮಗುವಿನ ತೊಟ್ಟಿಲ ಮುಂದೆ ಒಂದು ತಾಸು ಭಾಷಣ ಮಾಡಿದರು. ಗುರುಸಿದ್ದವ್ವ ಎಲ್ಲವನ್ನೂ ಸಮಾಧಾನದಿಂದ ಕೇಳಿ, ಬಂದವರಿಗೆಲ್ಲ ತೊಟ್ಟಿಲ ಶಾಸ್ತ್ರದ ಗುಗ್ಗರಿ ಹಂಚಿದಳು.